ಕಿತ್ತಳೆ ಮುಚ್ಚಳದ ಸಿರಿಂಜಿಗೆ ಹೊಣೆ ಯಾರು?

ಇಂದ,
ಸಕ್ಕರೆ ಕಾಯಿಲೆ ಆರೈಕೆ ಯೋಜನೆಯ ಚಂದಾದಾರರು ಮತ್ತು ಮನೆಯವರು,
ಮಂಡ್ಯ

ಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು ಹಾಗೂ ಉನ್ನತ ಆಡಳಿತ ತಂಡದ ಎಲ್ಲ ಸದಸ್ಯರಿಗೆ

ವಿಷಯ: 40 ಯೂನಿಟ್ ಇನ್ಸುಲಿನ್ ಜೊತೆ 100 ಯೂನಿಟ್ ಸಿರಿಂಜು ಕಳುಹಿಸಿರುವುದು, ರಾತ್ರಿ ಶುಗರ್ ಇಳಿದಾಗ ವೈದ್ಯರು ಸಿಗದಿರುವುದು ಮತ್ತು ಎರಡಕ್ಕೂ ಹೊಣೆ ಹೊರುವ ಅಧಿಕಾರಿ ಇಲ್ಲದಿರುವುದರ ಬಗ್ಗೆ.

ಮಾನ್ಯರೇ,

ಗ್ರಾಹಕ ಸೇವಾ ವಿಭಾಗಕ್ಕೆ ಎರಡು ಸಲ ಬರೆದಾಗಿದೆ, ಅದಕ್ಕೇ ಈ ಪತ್ರ ನೇರವಾಗಿ ನಿಮಗೆ. ಸರಬರಾಜು ವಿಭಾಗದವರು ದಾಸ್ತಾನಿನಲ್ಲಿದ್ದ ಸಿರಿಂಜು ಕಳುಹಿಸಿದ್ದೇವೆ, ಅದರಲ್ಲಿ ದೋಷವಿಲ್ಲ ಎಂದರು. ವೈದ್ಯಕೀಯ ವಿಭಾಗದವರು ಡೋಸ್ ಸರಿಯಾಗಿದೆ, ಸಾಮಗ್ರಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಇಬ್ಬರ ಮಾತೂ ನಿಜವೇ. ಸಿರಿಂಜೂ ಒಳ್ಳೆಯದು, ಡೋಸೂ ಸರಿ. ಆ ಸಿರಿಂಜನ್ನೂ 40ರ ಇನ್ಸುಲಿನ್ ಸೀಸೆಯನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಮನೆಗೆ ಕಳುಹಿಸಿದ್ದು ತಪ್ಪು. ಆ ಪೆಟ್ಟಿಗೆ ನಿಮ್ಮಲ್ಲಿ ಯಾರದ್ದು?

ಪೆಟ್ಟಿಗೆಯಲ್ಲಿ ಬಂದದ್ದು 10 ಮಿ.ಲೀ. ಇನ್ಸುಲಿನ್ ಸೀಸೆ. ಲೇಬಲ್ ಮೇಲೆ ಪ್ರತಿ ಮಿ.ಲೀ.ಗೆ 40 ಯೂನಿಟ್ ಎಂದಿದೆ. ಜೊತೆಗಿದ್ದ ಸಿರಿಂಜುಗಳಿಗೆ ಕಿತ್ತಳೆ ಮುಚ್ಚಳ, ಅಂದರೆ ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್‌ಗಾಗಿ ಗೆರೆ ಹಾಕಿದವು. 40ರ ಸೀಸೆಗೆ ಕೆಂಪು ಮುಚ್ಚಳದ್ದೇ ಆಗಬೇಕು. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು 0.2 ಮಿ.ಲೀ. ಅದರಲ್ಲಿ ಇರುವುದು 8 ಯೂನಿಟ್ ಮಾತ್ರ. ಚೀಟಿಯಲ್ಲಿ 20, ಮೈಗೆ 8.

ಶುಗರ್ ಇಳಿಯುವುದಿಲ್ಲ. ಹದಿನೈದು ದಿನಕ್ಕೆ ನಿಮ್ಮ ಕೋಚ್, ಅಂದರೆ ಫೋನಿನಲ್ಲಿ ಸಲಹೆ ಕೊಡುವ ಸಿಬ್ಬಂದಿ, ಕರೆ ಮಾಡಿ, ಆ್ಯಪ್‌ನಲ್ಲಿರುವ ಅಂಕಿ ನೋಡಿ, 20 ಇದ್ದದ್ದನ್ನು 28 ಮಾಡಿಕೊಳ್ಳಿ ಎನ್ನುತ್ತಾರೆ. ಆಗಲೂ ಮೈಗೆ ಸೇರುವುದು 11 ಚಿಲ್ಲರೆ. ಸಿರಿಂಜಿನ ಮುಚ್ಚಳ ಯಾವ ಬಣ್ಣ ಎಂಬ ಒಂದು ಪ್ರಶ್ನೆ ಅವರ ಪಟ್ಟಿಯಲ್ಲೇ ಇಲ್ಲ. ಇಷ್ಟರಲ್ಲಿ ಸಿರಿಂಜು ಮುಗಿದು ಪಕ್ಕದ ಬೀದಿಯ ಮೆಡಿಕಲ್ ಸ್ಟೋರಿಗೆ ಹೋದರೆ, ಅಂಗಡಿಯವರು ಸೀಸೆ ನೋಡಿ ಸರಿಯಾದ ಕೆಂಪು ಮುಚ್ಚಳದ್ದನ್ನೇ ಕೊಡುತ್ತಾರೆ. ಅದರಲ್ಲಿ 28 ಎಳೆದರೆ ಪೂರ್ತಿ 28. ಒಂದೇ ದಿನದಲ್ಲಿ ಡೋಸ್ ಎರಡೂವರೆ ಪಟ್ಟು. ಅಂಗಡಿಯವರು ಸರಿ ಮಾಡಿದ ದಿನವೇ ರೋಗಿಗೆ ಆಪತ್ತು! ಇದು ಕೈತಪ್ಪು ಎಂದು ಬಿಡುವ ವಿಷಯವಲ್ಲ. ಡೋಸ್ ಏರಿಸುವವರಿಗೆ ಪೆಟ್ಟಿಗೆಯಲ್ಲಿ ಏನು ಹೋಗಿದೆ ಎಂಬ ಮಾಹಿತಿಯೇ ಸಿಗದ ಹಾಗೆ ವ್ಯವಸ್ಥೆ ಕಟ್ಟಿರುವುದರಿಂದ ಆಗುವಂಥದ್ದು.

ಮೇಲಾಗಿ, ಅದೇ ಕರೆಯಲ್ಲಿ ರಾತ್ರಿ ಮುದ್ದೆ ಬಿಟ್ಟುಬಿಡಿ ಎಂಬ ಸಲಹೆ ಬೇರೆ. ನಿಮ್ಮ ಆಹಾರ ಪಟ್ಟಿಯಲ್ಲಿ ಓಟ್ಸ್ ಇದೆ, ಮಲ್ಟಿಗ್ರೇನ್ ಬ್ರೆಡ್ ಇದೆ, ರಾಗಿ ಮುದ್ದೆಗೆ ಅಳತೆಯೇ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇರುತ್ತದೆ. ಅಷ್ಟನ್ನು ಊಟದಿಂದ ತೆಗೆದು ಇನ್ಸುಲಿನ್ ಏರಿಸಿದರೆ ನಡುರಾತ್ರಿ ಏನಾಗುತ್ತದೆ ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಆ ಹೊತ್ತಿನಲ್ಲಿ ಆ್ಯಪ್‌ಗೆ 52 ಎಂದು ಅಂಕಿ ಹಾಕಿದರೆ ಬರುವ ಸಂದೇಶ: "ನಿಮ್ಮ ಕೋಚ್ ಬೆಳಿಗ್ಗೆ 9ರ ನಂತರ ಸಂಪರ್ಕಿಸುತ್ತಾರೆ." ಶುಗರ್ 70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ, 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಪರದೆಯ ಮೇಲೆ ಬರಬೇಕಾದದ್ದು ಇಷ್ಟು: ಎಚ್ಚರವಿದ್ದು ನುಂಗಲು ಆಗುವುದಾದರೆ ಮೂರು ಟೀ ಚಮಚ ಸಕ್ಕರೆ, ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡ ಸೊರಗಿದವರಲ್ಲಿ, ಒಮ್ಮೆ ಏರಿದ ಶುಗರ್ ಗಂಟೆಗಳ ನಂತರ ಮತ್ತೆ ಕುಸಿಯಬಹುದು. ಅಂಥವರನ್ನು ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕು ಎಂಬ ಸಾಲೂ ಅಲ್ಲಿರಬೇಕು.

ಅಂಕಿಗಳ ವಿಷಯ ಬಂದಾಗ ಇನ್ನೊಂದು ಮಾತು. ನಮ್ಮದು ಕಬ್ಬಿನ ಸೀಮೆ. ಆಲೆಮನೆಯಿಂದ ಬಂದ ಕೈಯಲ್ಲಿ ಬೆಲ್ಲದ ಅಂಟು ಇರುತ್ತದೆ, ಆ ಬೆರಳಿಗೆ ಚುಚ್ಚಿದರೆ ಗ್ಲೂಕೋಮೀಟರ್ ಬೆಲ್ಲವನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ಸೋಪು ಹಾಕಿ ತೊಳೆದು ಒಣಗಿಸಬೇಕು. ಕಿಟ್‌ನ ಕನ್ನಡ ಸೂಚನೆಯಲ್ಲಿ ಈ ಒಂದು ಸಾಲು ಬಿಟ್ಟು ಬೇರೆಲ್ಲ ಇದೆ.

ಕರಪತ್ರದಲ್ಲಿ ನಿಮ್ಮೆಲ್ಲರ ಭಾವಚಿತ್ರದ ಕೆಳಗೆ "3 ತಿಂಗಳಲ್ಲಿ ಶುಗರ್ ಇಳಿಕೆ" ಎಂದು ಅಚ್ಚಾಗಿದೆ. ಶುಗರ್ ಮಿತಿ ಮೀರಿದಾಗಲೇ ಜನ ಇಂಥ ಯೋಜನೆಗೆ ಸೇರುವುದು; ತುತ್ತತುದಿಯಲ್ಲಿದ್ದ ಅಂಕಿ ಯಾರೂ ಫೋನ್ ಮಾಡದಿದ್ದರೂ ಒಂದಿಷ್ಟು ಇಳಿಯುತ್ತದೆ. ನಡುವೆ ಬಿಟ್ಟು ಹೋದವರನ್ನು ಲೆಕ್ಕದಿಂದ ತೆಗೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2005ರಿಂದ 2008ರವರೆಗೆ ಇಂಥದೇ ಫೋನ್ ಆರೈಕೆಯ ಕಂಪನಿಗಳನ್ನು, ರೋಗಿಗಳನ್ನು ಸೇವೆ ಪಡೆಯುವವರು ಮತ್ತು ಪಡೆಯದವರು ಎಂದು ಚೀಟಿ ಎತ್ತಿದಂತೆ ವಿಂಗಡಿಸಿ, ಪರೀಕ್ಷಿಸಿತು. ಆಸ್ಪತ್ರೆಗೆ ಸೇರುವುದು ಕಡಿಮೆಯಾಗಲಿಲ್ಲ. ನಿಮ್ಮ ಸಭೆಗಳಲ್ಲಿ ಎಷ್ಟು ಕರೆ ಹೋದವು ಎಂಬುದರ ಪಕ್ಕದಲ್ಲಿ ಎಷ್ಟು ಜನರ ಶುಗರ್ 54ಕ್ಕಿಂತ ಕೆಳಗಿಳಿಯಿತು ಎಂಬ ಅಂಕಿಯೂ ಇರಲಿ.

ನಾವು ಕೇಳುವುದು ಹೆಚ್ಚೇನಿಲ್ಲ. ಕಿತ್ತಳೆ ಸಿರಿಂಜು ಹೋಗಿರುವ, 40ರ ಸೀಸೆ ಬಳಸುವ ಎಲ್ಲ ಮನೆಗಳಿಗೂ ಕನ್ನಡ ಬಲ್ಲ ವೈದ್ಯರೋ ನರ್ಸೋ ಇವತ್ತೇ ಫೋನ್ ಮಾಡಲಿ. ಸಿರಿಂಜನ್ನು ಸುಮ್ಮನೆ ಬದಲಿಸಿ ಕೊಡಬೇಡಿ. ಏರಿಸಿದ ಡೋಸನ್ನು ವೈದ್ಯರು ಮರುಪರಿಶೀಲಿಸದೆ ಕೆಂಪು ಸಿರಿಂಜು ಕೈಗೆ ಹೋದರೆ ಮೇಲೆ ಹೇಳಿದ ಅನಾಹುತ ನಿಮ್ಮ ಕೈಯಿಂದಲೇ ಆಗುತ್ತದೆ. ಡೋಸ್ ಬದಲಿಸಿದ ಪ್ರತಿ ಸಲವೂ ಯಾವ ವೈದ್ಯರ ಒಪ್ಪಿಗೆ ಇತ್ತು ಎಂದು ಹೆಸರು, ನೋಂದಣಿ ಸಂಖ್ಯೆ ಸಹಿತ ತಿಳಿಸಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಔಷಧ ಬರೆಯುವ ಅಧಿಕಾರ ನೋಂದಾಯಿತ ವೈದ್ಯರದ್ದು, ಕೋಚ್‌ದಲ್ಲ. ಕೊನೆಯದಾಗಿ, ಮುಖ್ಯ ವೈದ್ಯಾಧಿಕಾರಿಗಳಿಗೆ ಪೆಟ್ಟಿಗೆ ತಡೆಹಿಡಿಯುವ ಅಧಿಕಾರ ಕೊಡಿ. ದಾಸ್ತಾನು, ಖರ್ಚು, ಗುರಿ ಏನೇ ಇರಲಿ, ಅವರು ಬೇಡವೆಂದದ್ದು ಗೋದಾಮಿನಿಂದ ಹೊರಡಬಾರದು.

2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳಂತೆ 48 ಗಂಟೆಯೊಳಗೆ ದೂರು ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಉತ್ತರಕ್ಕೆ ಒಬ್ಬರೇ ಸಹಿ ಹಾಕಲಿ, ಎರಡು ವಿಭಾಗದಿಂದ ಎರಡು ಪತ್ರ ಬೇಡ.

ಇಂತಿ,
ಮಂಡ್ಯದ ಚಂದಾದಾರರು

ಲಗತ್ತು: ಸೀಸೆ ಮತ್ತು ಸಿರಿಂಜಿನ ಲೇಬಲ್ ಫೋಟೊ, ಡೋಸ್ ಏರಿಸಿದ ಸಂದೇಶಗಳು, ನಿಮ್ಮ ಎರಡು ಉತ್ತರಗಳ ಪ್ರತಿ.