ಮದ್ದಿನ ಕವರಿನ ಮೇಲೆ ಕನ್ನಡದಲ್ಲೂ ಎರಡು ಸಾಲು ಇರಲಿ

ಮಾನ್ಯ ಸಂಪಾದಕರೇ,

ನನ್ನ ಅಪ್ಪನಿಗೆ 74 ವರ್ಷ. ಮಳೆಗಾಲದಲ್ಲಿ ತೋಟದ ಕಣಿ ದಾಟುವಾಗ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡರು. ಮಂಗಳೂರಿನ ಡಾಕ್ಟರು ಟ್ರಮಡಾಲ್ ಎಂಬ ಬಲವಾದ ನೋವಿನ ಮದ್ದು ಇರುವ ಮಾತ್ರೆ ಬರೆದರು. ನಿದ್ದೆಗೆ ಅರ್ಧ ಆಲ್ಪ್ರಜೋಲಾಮ್ ಮೊದಲಿನಿಂದಲೂ ಇತ್ತು, ಅದು ಊರಿನ ಡಾಕ್ಟರು ಕೊಟ್ಟದ್ದು. ಸಂಜೆ ಎರಡು ಪೆಗ್ಗು, ಅದು ಯಾರೂ ಕೊಟ್ಟದ್ದಲ್ಲ.

ಐದನೇ ರಾತ್ರಿ ಅಮ್ಮ, "ಇವತ್ತಾದರೂ ಚೆನ್ನಾಗಿ ನಿದ್ದೆ ಬಂತು" ಎಂದು ಸಮಾಧಾನಪಟ್ಟರು. ನನಗೆ ಆ ಗೊರಕೆ ಸರಿ ಕಾಣಲಿಲ್ಲ. ಒಮ್ಮೆ ಎಳೆದರೆ ನಿಂತೇ ಹೋಗುತ್ತಿತ್ತು, ಆಮೇಲೆ ಯಾವಾಗಲೋ ಇನ್ನೊಂದು. ಗಡಿಯಾರ ನೋಡಿ ಎಣಿಸಿದೆ, ನಿಮಿಷಕ್ಕೆ ಏಳು ಉಸಿರು. ಕೆನ್ನೆಗೆ ತಟ್ಟಿದರೂ ಎಚ್ಚರವಿಲ್ಲ. ಟಾರ್ಚ್ ಹಿಡಿದು ರೆಪ್ಪೆ ಬಿಡಿಸಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ನೆರೆಮನೆಯವರ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಬದುಕಿಕೊಂಡರು.

ಟ್ರಮಡಾಲ್, ನಿದ್ದೆ ಮಾತ್ರೆ, ಮದ್ಯ ಮೂರೂ ಮೆದುಳನ್ನು ಮಂಕು ಮಾಡುತ್ತವಂತೆ. ಒಟ್ಟಿಗೆ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಅಪ್ಪನ ಕಿಡ್ನಿಯೂ ಸ್ವಲ್ಪ ದುರ್ಬಲ, ಹಾಗಾಗಿ ಮದ್ದು ಮೈಯಲ್ಲೇ ಉಳಿದು ಜಮೆಯಾಗಿತ್ತು. ಫಿಟ್ಸ್ ಇದ್ದವರಿಗೆ ಟ್ರಮಡಾಲ್ ಇನ್ನೂ ಅಪಾಯ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆಗೂ ಅದು ಹೊಂದುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಐಸಿಯು ಬಾಗಿಲಲ್ಲಿ.

ತಪ್ಪು ಯಾರದ್ದು? ಡಾಕ್ಟರು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಹೊಸ ಡಾಕ್ಟರ ಮುಂದೆ ಪೆಗ್ಗಿನ ಲೆಕ್ಕ ಒಪ್ಪಿಸುವ ಗಂಡಸು ನಮ್ಮ ಕಡೆ ಸಿಗುವುದು ಕಷ್ಟ. ಆದರೆ ಮದ್ದು ತೆಗೆದುಕೊಡುವವರು ಅಮ್ಮ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಮಾತ್ರೆ ಸ್ಟ್ರಿಪ್ಪಿನ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು, ನಮ್ಮೂರು ಕೇರಳಕ್ಕೆ ಸೇರಿದ್ದರಿಂದ ಊರಿನ ಡಾಕ್ಟರ ಚೀಟಿ ಮಲಯಾಳದಲ್ಲಿ. ಕವರಿನ ಮೇಲೆ ಪೆನ್ನಿನಲ್ಲಿ 1-0-1 ಎಂದು ಗೀಚಿದ್ದು ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ಕತೆ ಕೇಳಿ ನೆರೆಯವರು ಕ್ಯಾನ್ಸರ್ ಇರುವ ಅಜ್ಜಿಗೆ ಟ್ರಮಡಾಲಿನ ಜಾತಿಯದೇ ಆದ ಮಾರ್ಫಿನ್ ಕೊಡುವುದನ್ನೇ ನಿಲ್ಲಿಸಲು ಹೊರಟಿದ್ದರು. ಮನೆಗೆ ಬರುವ ಪಾಲಿಯೇಟಿವ್ (ನೋವು ಶಮನ ಆರೈಕೆಯ) ನರ್ಸ್ ಚೆನ್ನಾಗಿ ಬೈದರಂತೆ, ಒಳ್ಳೆಯದೇ ಆಯಿತು. ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಅದು ನೋವಿಗೆ ಬೇಕಾದ ಮದ್ದೇ. ತುಂಬಾ ದಿನ ತೆಗೆದುಕೊಂಡವರು ಸುಮ್ನೆ ಒಮ್ಮೆಲೇ ಬಿಡಲೂಬಾರದು.

ಕೇರಳದ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು. ಮದ್ದಿನಂಗಡಿಗೆ ಅದು ಅನ್ವಯಿಸದೇ ಇರಬಹುದು. ನಾನು ಕೇಳುವುದು ಒಂದು ರಬ್ಬರ್ ಸೀಲು ಮಾತ್ರ: "ಇದರ ಜೊತೆ ಮದ್ಯ, ನಿದ್ದೆ ಮಾತ್ರೆ ಬೇಡ. ಕಿಡ್ನಿ, ದಮ್ಮು, ಫಿಟ್ಸ್ ಇದ್ದರೆ ಮೊದಲೇ ಹೇಳಿ." ನಮ್ಮ ಪೇಟೆಯ ಅಂಗಡಿಯವರಿಗೆ ಸೀಲು ನಾನೇ ಮಾಡಿಸಿ ಕೊಡುತ್ತೇನೆ ಅಂದೆ. "ಮೇಲಿನವರು ಹೇಳಲಿ, ನೋಡುವ" ಎಂದರು. ಮೇಲಿನವರೂ ಪೇಪರ್ ಓದುತ್ತಾರೆ ಅಲ್ವಾ?

– ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ