ಕೆಟ್ಟು ನಿಂತ ಚಾರ್ಜರನ್ನು ಲೆಕ್ಕಕ್ಕೆ ಸೇರಿಸಬೇಡಿ

ಮಾನ್ಯರೇ,

ರಾಜ್ಯದಲ್ಲಿ ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜಿಂಗ್ ಸ್ಟೇಷನ್‌ಗಳು 5,000 ದಾಟಿವೆ, ದೇಶದಲ್ಲೇ ನಾವು ಮುಂದೆ ಅಂತ ಆಗಾಗ ಸುದ್ದಿ ಓದುತ್ತೇನೆ. ಖುಷಿಯ ವಿಷಯವೇ. 2017ರಲ್ಲೇ ದೇಶದಲ್ಲಿ ಮೊದಲು ಇವಿ ನೀತಿ ತಂದ ರಾಜ್ಯ ನಮ್ಮದು. ಆದರೆ ಅವುಗಳಲ್ಲಿ ಹೆಚ್ಚಿನವು ಇರುವುದು ಬೆಂಗಳೂರಿನಲ್ಲಿ. ಪುತ್ತೂರಿನಿಂದ ಬೆಂಗಳೂರಿಗೆ ಎಲೆಕ್ಟ್ರಿಕ್ ಟ್ಯಾಕ್ಸಿಯಲ್ಲಿ ಬಾಡಿಗೆ ಹೋಗುವ ನನಗೆ ದಾರಿಯಲ್ಲಿ ಫಾಸ್ಟ್ ಚಾರ್ಜರ್ ಬೇಕು. ಅದು ನಾನು ಹೋದ ಹೊತ್ತಿಗೆ ಕೆಲಸ ಮಾಡಬೇಕು.

ನಾಲ್ಕು ಜನ, ಲಗೇಜು, ಎಸಿ ಎಲ್ಲಾ ಸೇರಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಬರುವಾಗ ಇಳಿಜಾರಿನಲ್ಲಿ ಸ್ವಲ್ಪ ಚಾರ್ಜ್ ವಾಪಸ್ ಸಿಗುತ್ತದೆ, ಹೋಗುವಾಗ ಅದೂ ಇಲ್ಲ. ಸಕಲೇಶಪುರ, ಹಾಸನದ ಚಾರ್ಜರ್ ನಂಬಿಯೇ ಗಾಡಿ ಬಿಡಬೇಕು.

ಕಳೆದ ಮಳೆಗಾಲದ ಒಂದು ರಾತ್ರಿ ಆ್ಯಪ್‌ನಲ್ಲಿ ಹಸಿರು ಗುರುತು ನೋಡಿ ಘಟ್ಟದ ಮೇಲಿನ ಒಂದು ಸ್ಟೇಷನ್‌ಗೆ ಹೋದೆ. ಹಿಂದಿನ ಸೀಟಿನಲ್ಲಿ ಬೆಳಿಗ್ಗೆ ಆಸ್ಪತ್ರೆ ತಲುಪಬೇಕಿದ್ದ ಅಜ್ಜಿ. ಚಾರ್ಜರಿನ ಗನ್ (ಕಾರಿಗೆ ಹಾಕುವ ಪ್ಲಗ್) ಚುಚ್ಚಿದರೆ ಚಾರ್ಜಿಂಗ್ ಶುರುವೇ ಆಗಲಿಲ್ಲ. ಹೆಲ್ಪ್‌ಲೈನ್‌ನವರು "ನಮ್ಮಲ್ಲಿ ಆನ್‌ಲೈನ್ ತೋರಿಸ್ತಿದೆ ಸರ್" ಅಂದರು. ಕೊನೆಗೆ ಪಕ್ಕದ ಹೋಟೆಲಿನ ವಾಚ್‌ಮನ್ ಬಂದು ಮೆಷಿನ್ನಿನ ಬದಿಯಲ್ಲಿದ್ದ ಕೆಂಪು ಎಮರ್ಜೆನ್ಸಿ ಬಟನ್ ತಿರುಗಿಸಿದ. ಯಾರೋ ಒತ್ತಿ ಹಾಗೇ ಬಿಟ್ಟು ಹೋಗಿದ್ದರು. ಅಷ್ಟೇ ವಿಷಯ! ಆದರೆ ಅಷ್ಟು ಹೇಳುವವರು ಫೋನಿನಲ್ಲಿ ಯಾರೂ ಇರಲಿಲ್ಲ.

ಇನ್ನೂ ಇದೆ. 60 ಕಿಲೋವ್ಯಾಟ್ ಅಂತ ಬೋರ್ಡು ಇರುತ್ತದೆ, ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದರೆ ಎಷ್ಟೋ ಕಡೆ 30ಕ್ಕೆ ಇಳಿಯುತ್ತದೆ. ಕಂಪನಿಗೊಂದು ಆ್ಯಪ್, ಒಂದೊಂದರ ವ್ಯಾಲೆಟ್‌ನಲ್ಲೂ ಸುಮ್ನೆ ಕೊಳೆಯುವ ದುಡ್ಡು. ನೆಟ್‌ವರ್ಕ್ ಇಲ್ಲದಿದ್ದರೆ ದುಡ್ಡಿದ್ದೂ ಚಾರ್ಜ್ ಇಲ್ಲ. ಇದರ ಮೇಲೆ ಶೇ 18 ಜಿಎಸ್‌ಟಿ. ಅಷ್ಟು ಕೊಡುವವರಿಗೆ ಕೆಲಸ ಮಾಡುವ ಮೆಷಿನ್ ಸಿಗಬೇಕು ಅಲ್ವಾ?

ಬ್ರಿಟನ್‌ನಲ್ಲಿ 2024ರ ನವೆಂಬರ್‌ನಿಂದ ಫಾಸ್ಟ್ ಚಾರ್ಜರ್ ಜಾಲಗಳು ವರ್ಷದಲ್ಲಿ ಸರಾಸರಿ ಶೇ 99ರಷ್ಟು ಸಮಯ ಸುಸ್ಥಿತಿಯಲ್ಲಿ ಇರಲೇಬೇಕು, 24 ಗಂಟೆಯ ಸಹಾಯವಾಣಿಯೂ ಬೇಕು ಅಂತ ಕಾನೂನಿದೆ. ನಮ್ಮಲ್ಲೂ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್‌ಗೆಂದೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಸರ್ಕಾರದ ದುಡ್ಡು ಪಡೆದ ಪ್ರತಿ ಸ್ಟೇಷನ್ ತಿಂಗಳಲ್ಲಿ ಎಷ್ಟು ಗಂಟೆ ಕೆಟ್ಟು ನಿಂತಿತ್ತು ಅಂತ ಜನರಿಗೆ ತಿಳಿಸಲಿ. ಮೆಷಿನ್ ಮೇಲೆ ಕನ್ನಡದಲ್ಲಿ ಸೂಚನೆ, ಅದೇ ಊರಿನ ಒಬ್ಬರ ಫೋನ್ ನಂಬರ್ ಇರಲಿ. ಯುಪಿಐನಲ್ಲಿ ನೇರವಾಗಿ ದುಡ್ಡು ಕಟ್ಟುವಂತಾಗಲಿ.

ಮುಂದಿನ ಮಳೆಗಾಲಕ್ಕೆ ಮೊದಲು ಶಿರಾಡಿ, ಚಾರ್ಮಾಡಿ, ಸಂಪಾಜೆ ದಾರಿಯ ಚಾರ್ಜರ್‌ಗಳನ್ನು ಅಧಿಕಾರಿಗಳು ಖುದ್ದಾಗಿ ಹೋಗಿ, ಒಂದು ಕಾರಿಗೆ ಗನ್ ಹಾಕಿ ನೋಡಲಿ ಎಂದು ವಿನಂತಿ.

– ಒಬ್ಬ ಟ್ಯಾಕ್ಸಿ ಚಾಲಕ, ಪುತ್ತೂರು