ಕಯೋಟಿ ಬೇಟೆ: ಗಾಳಿಯ ಲೆಕ್ಕ ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ಅಮೆರಿಕದ ಹಿಮ ಕವಿದ ಹೊಲಗಳಲ್ಲಿ ಕಯೋಟಿ ಎಂಬ ನಾಯಿ ಜಾತಿಯ ಕಾಡುಪ್ರಾಣಿಯನ್ನು ಬೇಟೆಯಾಡುವ ವಿಡಿಯೊಗಳು ಈಗ ಕನ್ನಡದಲ್ಲೂ ಓಡಾಡುತ್ತಿವೆ. ತಲೆಬರಹದಲ್ಲಿ ಒಮ್ಮೆ ‘ತೋಳ’, ಇನ್ನೊಮ್ಮೆ ‘ನರಿ’. ಎರಡೂ ತಪ್ಪು. ಹತ್ತು-ಹದಿನೈದು ಕಿಲೊ ತೂಗುವ ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ನಮ್ಮಲ್ಲಿಲ್ಲದ ಪ್ರಾಣಿ, ಅದರ ಹೆಸರಲ್ಲೇ ಇರಲಿ ಬಿಡಿ. ಹೆಸರಿಗಿಂತ ದೊಡ್ಡ ತಪ್ಪೆಂದರೆ, ಮೊಲದ ಚೀರು ಹೊರಡಿಸುವ ಸ್ಪೀಕರಿನ ರಿಮೋಟ್ ಒತ್ತಿದರೆ ಸಾಕು, ಕಯೋಟಿ ಓಡಿಬಂದು ಗುಂಡಿಗೆ ಎದೆಯೊಡ್ಡುತ್ತದೆ ಎಂಬ ವಿವರಣೆ. 20 ನಿಮಿಷದ ಕಾಯುವಿಕೆಯನ್ನು 20 ಸೆಕೆಂಡಿಗೆ ಕತ್ತರಿಸಿದರೆ ಹಾಗೆ ಕಾಣದೆ ಇನ್ನೇನು?

ನೆಬ್ರಸ್ಕಾ, ಕಾನ್ಸಸ್ ಕಡೆಯ ಬಯಲು ಮೈಲಿಗೊಂದು ರಸ್ತೆಯಂತೆ 640 ಎಕರೆಯ ಚೌಕಗಳಾಗಿ ಹಂಚಿಹೋಗಿದೆ. ಮೆಕ್ಕೆಜೋಳ ಕೊಯ್ದ ಕೂಳೆ ಹೊಲ, ತೊರೆಯ ದಂಡೆಯ ಪೊದೆ, 1930ರ ದಶಕದ ಧೂಳುಬಿರುಗಾಳಿಗಳ ನಂತರ ಸರ್ಕಾರವೇ ಮುಂದೆ ನಿಂತು ನೆಡಿಸಿದಂಥ ಗಾಳಿತಡೆ ಮರಸಾಲು: ಚಳಿಗಾಲದಲ್ಲಿ ಕಯೋಟಿಯ ಸಂಸಾರವೆಲ್ಲ ಇಷ್ಟರೊಳಗೆ. ಇಲಿ ಹಿಡಿಯುವುದು ಕೂಳೆಯಲ್ಲಿ, ಹಗಲು ಮಲಗುವುದು ಪೊದೆಯಲ್ಲಿ. ಜಮೀನು ಬಹುಪಾಲು ಖಾಸಗಿ. ಮಾಲೀಕರ ಅನುಮತಿ ಕೇಳುವಾಗಲೇ ದನಗಳು ಯಾವ ಚೌಕದಲ್ಲಿವೆ, ಮನೆ ಯಾವ ದಿಕ್ಕಿಗಿದೆ ಎಂದೂ ಕೇಳಿಟ್ಟುಕೊಳ್ಳಬೇಕು.

ಕರೆಯುವ ಸದ್ದು ಪ್ರಾಣಿಯನ್ನು ಎಬ್ಬಿಸುತ್ತದೆ, ಅಷ್ಟೇ. ಅದು ಯಾವ ಕಡೆಯಿಂದ ಬರಬೇಕೆಂದು ತೀರ್ಮಾನಿಸುವುದು ಗಾಳಿ. ಕಯೋಟಿ ಕಿವಿಯನ್ನು ಪೂರ್ತಿ ನಂಬುವುದಿಲ್ಲ. ಸದ್ದಿನ ಸುತ್ತ ಬಳಸಿ, ಗಾಳಿ ಹೋಗುವ ಮಗ್ಗುಲಿಗೆ ಬಂದು, ಮೂಗಿನಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯಿದೆ, ಪೊದೆ ಉತ್ತರಕ್ಕಿದೆ ಎಂದಿಟ್ಟುಕೊಳ್ಳಿ. ಬೇಟೆಗಾರ ದಕ್ಷಿಣದಲ್ಲಿ ಕೂರಬೇಕು, ಸ್ಪೀಕರ್ ಅವನಿಂದ 40 ಮೀಟರ್ ಉತ್ತರಕ್ಕೆ ಇರಬೇಕು. ಪೊದೆಯಿಂದ ಹೊರಟ ಕಯೋಟಿ ಸ್ಪೀಕರಿನ ಪೂರ್ವಕ್ಕೆ ಸುತ್ತುತ್ತದೆ. ಬೇಟೆಗಾರನ ಮೈವಾಸನೆಯೂ ಪೂರ್ವಕ್ಕೇ ಹರಿಯುತ್ತಿರುತ್ತದೆ, ಆದರೆ ಸ್ಪೀಕರಿಗಿಂತ 40 ಮೀಟರ್ ದಕ್ಷಿಣದಲ್ಲಿ. ಆ ವಾಸನೆಯ ಗೆರೆ ಮುಟ್ಟುವ ಮೊದಲೇ ಪ್ರಾಣಿ ಬಯಲಲ್ಲಿ ಕಣ್ಣಿಗೆ ಬೀಳಬೇಕು. ಅಂದರೆ ಪೂರ್ವಕ್ಕೆ ತೆರೆದ ನೆಲವಿರಬೇಕು, ದಿಟ್ಟಿಯೂ ಅಲ್ಲಿರಬೇಕು. ಹೊಸಬರು ಸ್ಪೀಕರನ್ನೇ ನೋಡುತ್ತ ಕೂರುತ್ತಾರೆ. ಕಯೋಟಿ ಬೆನ್ನ ಹಿಂದೆ ಬಂದು, ಮೂಸಿ, ಹೋಗಿಬಿಟ್ಟಿರುತ್ತದೆ. ‘ಇವತ್ತು ಒಂದೂ ಬರಲಿಲ್ಲ’ ಎನ್ನುವವರ ಸುತ್ತ ಹಿಮದಲ್ಲಿ ಹೆಜ್ಜೆಗುರುತು ಹುಡುಕಿದರೆ ಉತ್ತರ ಸಿಗುವುದುಂಟು. ಇನ್ನೊಂದು ಮಾತು: ಇದೇ ಜಾಗ ಬೆಳಿಗ್ಗೆ ಕೆಲಸಕ್ಕೆ ಬಾರದು, ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಮಧ್ಯಾಹ್ನದ ನಂತರ ಇಲ್ಲಿ, ಬೆಳಿಗ್ಗೆಗೆ ಬೇರೊಂದು ಕಡೆ.

ಗಂಟೆಗೆ 8ರಿಂದ 20 ಕಿ.ಮೀ. ಗಾಳಿ ಹದ. 30 ದಾಟಿದರೆ ಸದ್ದು ದೂರ ಹೋಗದು. ಗಾಳಿಯೇ ಇಲ್ಲದ ಕೊರೆವ ಬೆಳಗು ಇನ್ನೂ ಕಷ್ಟ: ಹೆಪ್ಪುಗಟ್ಟಿದ ಹಿಮ ಕಾಲಡಿ ಕರುಕ್ ಎಂದರೂ, ವಾಹನದ ಬಾಗಿಲು ಧಡ್ ಎಂದರೂ ಪೊದೆಗೆ ಸುದ್ದಿ ಮುಟ್ಟಿತು. ವಾಹನವನ್ನು ದಿಬ್ಬದ ಮರೆಯಲ್ಲಿ ಬಿಟ್ಟು, ದಿಬ್ಬದ ನೆತ್ತಿ ಏರದೆ ತಗ್ಗಿನಲ್ಲೇ ನಡೆಯಬೇಕು.

ಸದ್ದು ಶುರುವಾಗಬೇಕಾದದ್ದು ಸಣ್ಣಗೆ, ಯಾಕೆಂದರೆ ಕಯೋಟಿ 100 ಮೀಟರಿನಲ್ಲೇ ಮಲಗಿರಬಹುದು. ಸಿಕ್ಕಿಬಿದ್ದ ಮೊಲದ ಚೀರು ಒಂದೆರಡು ನಿಮಿಷ, ನಂತರ ಮೌನ, ಮತ್ತೆ ಸ್ವಲ್ಪ ಏರಿಸಿ ಇನ್ನೊಮ್ಮೆ. ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಬೆದೆಗಾಲ; ಆಗ ಒಂಟಿ ಕಯೋಟಿಯ ಊಳು ಮೊಲದ ಚೀರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸವಾಲಿನ ಊಳು ಬೇಡ, ಎಳೆಯ ಪ್ರಾಣಿಗಳು ಹೆದರಿ ಓಡುತ್ತವೆ. ಕೊನೆಯ ಮೂರು ನಿಮಿಷ ಮರಿಯ ಕುಂಯ್‌ಗುಟ್ಟುವಿಕೆ. ಹದಿನೈದಿಪ್ಪತ್ತು ನಿಮಿಷವಾದರೂ ಏನೂ ಬರದಿದ್ದರೆ ಎದ್ದು ಒಂದೂವರೆ ಕಿ.ಮೀ. ಆಚೆ ಹೋಗಬೇಕು. ಒಂದೇ ಹೊಲದಲ್ಲಿ ವಾರವಾರವೂ ಅದೇ ಚೀರು ಕೇಳಿಸಿದರೆ ಬುದ್ಧಿ ಕಲಿಯುವುದು ಬೇಟೆಗಾರನಲ್ಲ, ಕಯೋಟಿ.

ಚಳಿ ಸಲಕರಣೆಯನ್ನೂ ಕಾಡುತ್ತದೆ. ಬಾಯಿಂದ ಊದುವ ಪೀಪಿಯೊಳಗೆ ಮುಚ್ಚಿಕೊಂಡಿರುವ ನಾಲಗೆಯ (ಸದ್ದು ಹೊರಡಿಸುವ ತೆಳು ಪಟ್ಟಿ) ಮೇಲೆ ಉಸಿರಿನ ತೇವ ಹೆಪ್ಪುಗಟ್ಟಿ ಸದ್ದೇ ನಿಲ್ಲುತ್ತದೆ. ತೆರೆದ ನಾಲಗೆಯ ಪೀಪಿಯನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಳ್ಳುವುದು ಲೇಸು. ಆಲ್ಕಲೈನ್ ಬ್ಯಾಟರಿ ಬೇಗ ಸೋಲುತ್ತದೆ, ಲಿಥಿಯಂ ತಾಳುತ್ತದೆ. ಬಂದೂಕಿನ ಮಂದ ಎಣ್ಣೆ ಗಟ್ಟಿಯಾದರೆ ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಿರಬಹುದು.

.223 ಅಥವಾ .22-250 ಎಂಬ ಅಳತೆಯ ಗುಂಡು ಹಾರಿಸುವ ರೈಫಲು ಇಲ್ಲಿ ವಾಡಿಕೆ. ಹೆಪ್ಪುಗಟ್ಟಿದ ನೆಲ ಕಲ್ಲಿನಂತೆ. ಗುಂಡು ಪುಟಿದು ಎಲ್ಲಿಗೆ ಬೇಕಾದರೂ ಹೋದೀತು. ಪ್ರಾಣಿಯ ಹಿಂದೆ ದಿಬ್ಬದ ಮಣ್ಣು ಕಾಣದಿದ್ದರೆ ಕುದುರೆಯ ಮೇಲೆ ಬೆರಳಿಡಬಾರದು. ಕಂಡದ್ದು ರೈತನ ನಾಯಿಯೇ ಎಂದು ನೋಡಬೇಕು, ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯಾದರೆ ತೋಳವೇ ಎಂದೂ. ಅಲ್ಲಿ ತೋಳಕ್ಕೆ ಕಾನೂನಿನ ರಕ್ಷಣೆಯಿದೆ. ‘ತೋಳ ಬೇಟೆ’ ಎಂಬ ತಲೆಬರಹ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಗೊತ್ತಾದೀತು. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕಜ್ಜಿಯ ಹುಳು ಸಾಮಾನ್ಯ.

ಇಷ್ಟೆಲ್ಲ ಮಾಡಿ ಲಾಭವೇನು? ತುಪ್ಪಳಕ್ಕೆ ಹಿಂದಿನ ಬೆಲೆಯಿಲ್ಲ. ಜಾಕೆಟ್ಟಿನ ಟೋಪಿಗೆ ಕಯೋಟಿ ತುಪ್ಪಳ ಹೊಲಿಯುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲೇ ಅದನ್ನು ಬಿಡುವುದಾಗಿ ಘೋಷಿಸಿತು. ‘ಕುರಿ ಉಳಿಸಲು’ ಎಂಬ ಮಾತು ಅರ್ಧ ಸತ್ಯ. ಕುರಿ ಈಯುವ ಹೊಲದ ಪಕ್ಕದಲ್ಲೇ ಕುರಿಮರಿ ಹಿಡಿಯುತ್ತಿರುವ ಕಯೋಟಿ ಜೋಡಿಯನ್ನು ತೆಗೆದರೆ ರೈತನಿಗೆ ಉಪಯೋಗವುಂಟು. ಜನವರಿಯಲ್ಲಿ ಕಂಡಕಂಡಲ್ಲಿ ಹೊಡೆದರೆ ಖಾಲಿಯಾದ ಜಾಗಕ್ಕೆ ಅಲೆಮಾರಿ ಕಯೋಟಿಗಳು ಬಂದು ಸೇರುತ್ತವೆ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗವೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಲ್ಲುತ್ತ ಬಂದಿದೆ, ಆದರೂ ಒಂದು ಕಾಲಕ್ಕೆ ಪಶ್ಚಿಮದ ಬಯಲುಗಳಿಗೆ ಸೀಮಿತವಾಗಿದ್ದ ಪ್ರಾಣಿ ಈಗ ಹವಾಯಿ ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ. ಕುರಿ ಕಾಯಲು ಗ್ರೇಟ್ ಪಿರೆನೀಸ್ ನಾಯಿ ಸಾಕಿದವರ ಲೆಕ್ಕ ಇದಕ್ಕಿಂತ ಗಟ್ಟಿ. ಬಹುಮಾನವಿಟ್ಟು ಕೊಲ್ಲುವ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ ನಿಷೇಧಿಸಿತು, ಮತ್ತೆ ಕೆಲವು ರಾಜ್ಯಗಳು ಹಿಂಬಾಲಿಸಿದವು.

ಕೊನೆಯದಾಗಿ ಪತ್ರಿಕೆಗೆ ಒಂದು ಕೋರಿಕೆ. ಇಂಥ ಸುದ್ದಿಯ ಕೆಳಗೆ ಒಂದು ಸಾಲು ಸೇರಿಸಿ: ನರಿ, ತೋಳಗಳ ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೊಂದರಷ್ಟೇ ಅಲ್ಲ, ಕೊಲ್ಲಲು ಯತ್ನಿಸಿದರೂ, ಬೆನ್ನಟ್ಟಿದರೂ, ಆಮಿಷ ಒಡ್ಡಿದರೂ ಅದು ಬೇಟೆಯೇ. ಬ್ಲೂಟೂತ್ ಸ್ಪೀಕರ್ ಹಿಡಿದು ಕೊಪ್ಪಳದ ಕುರುಚಲಿಗೆ ಹೊರಡುವವರು ಅದನ್ನು ಓದಿಕೊಂಡೇ ಹೊರಡಲಿ.

— ಓದುಗ, ಲಿಂಕನ್, ನೆಬ್ರಸ್ಕಾ